ಎಡಗೈ ಒಂದೇ ನುಡಿಸಿದ ಜಾಗ

ಮಾರ್ಚ್ 9, ಸೋಮವಾರ

ಈ ಹಾಳು ಕೈಗಿಷ್ಟು ಬೆಂಕಿ ಹಾಕ.

ಇವರು ಹೋಗಿ ಮೂರು ತಿಂಗಳ ಮೇಲೆ, ಇವತ್ತು ಇವರ ಕೊನೆಯ ಹಾಡನ್ನು ಕಂಪ್ಯೂಟರಿನಲ್ಲಿ ತೆರೆದೆ. ಕಳಿಸಿಕೊಡು ಅಂತ ನಾದಿನಿ ಕೇಳಿದ್ದಳು. ಇವರು ನುಡಿಸುತ್ತಿದ್ದ ಎಲೆಕ್ಟ್ರಾನಿಕ್ ಅಕಾರ್ಡಿಯನ್ನಿನಿಂದ ಕಂಪ್ಯೂಟರಿಗೆ ದನಿ ಬರುವುದಿಲ್ಲ. ಯಾವ ಕೀ ಯಾವಾಗ ಒತ್ತಿದರು, ತಿದಿ ಎಷ್ಟು ಎಳೆದರು, ಅಷ್ಟು ಮಾತ್ರ ತೆರೆಯ ಮೇಲೆ ಗೆರೆಗಳಾಗಿ ಉಳಿಯುತ್ತದೆ. ನಡುವೆ ಒಂದು ಕಡೆ ಬಲಗೈ ಗೆರೆಗಳೇ ಇರಲಿಲ್ಲ. ಅವತ್ತು ಇವರು ನುಡಿಸುತ್ತಿದ್ದಾಗ ನಾನು ಚಹಾ ತಂದಿದ್ದೆ. ಎಡಗೈ ನಿಲ್ಲಿಸದೆ, ಬಲಗೈಯಲ್ಲಿ ಲೋಟ ತಗೊಂಡು, "ಸಕ್ಕರೆ ಮರೆತ್ಯಾ?" ಅಂದಿದ್ದರು.

ಇದೆಲ್ಲ ನೆನಪಾದದ್ದು ಆಮೇಲೆ. ಇವರು ನುಡಿಸುವುದು, ನಾನು ತಿದ್ದುವುದು, ಹನ್ನೆರಡು ವರ್ಷದ ಅಭ್ಯಾಸ. ಖಾಲಿ ಕಂಡದ್ದೇ ಹಿಂದಿನ ಸಾಲನ್ನು ನಕಲು ಮಾಡಿ ತುಂಬಿದೆ, ತಾಳ ನೇರ ಮಾಡಿದೆ, ಸೇವ್ ಒತ್ತಿ ಮುಚ್ಚಿ, ನಾದಿನಿಗೆ ಕಳಿಸಿಬಿಟ್ಟೆ. ಬೇರೆ ಪ್ರತಿ ಇಲ್ಲ. "ನನ್ನ ಹಾಡಿಗೆ ಇಸ್ತ್ರಿ ಹಾಕ್ಬೇಡ ಕಣೇ" ಅಂತ ಎಷ್ಟು ಬಡ್ಕೊಂಡಿದ್ದರು. ನಾನು ಕೇಳಿದ್ದರೆ ತಾನೆ.

ನಾದಿನಿ ಫೋನಿನಲ್ಲಿ ಅತ್ತಳು. "ಎಷ್ಟು ಚೆನ್ನಾಗಿದೆ ಅತ್ತಿಗೆ! ಅಣ್ಣ ಒಂದ್ಕಡೆನೂ ತಪ್ಪಿಲ್ಲ."

ಹೂಂ ಅಂದೆ.

ಆ ಖಾಲಿ ಎಷ್ಟು ಹೊತ್ತಿನದು? ಒಂದು ಗುಟುಕು ಕುಡಿಯುವಷ್ಟು. ಇಲ್ಲ, ಎರಡು. ಕುಡಿದು, ನನ್ನ ಮುಖ ನೋಡಿ, ಆಮೇಲೆ... ಗೊತ್ತಿಲ್ಲ. ಅಳೆದು ನೋಡಲು ಆ ಖಾಲಿ ಈಗ ಇಲ್ಲ.