ಕಲೆ ತೆಗೆಯುವ ಬಾಟಲಿ

ಅವ್ವಾ,

ನೀನು ಹೋಗಿ ಎಂಟು ತಿಂಗಳಾದ ಮೇಲೆ, ಇವತ್ತು ನಮ್ಮ ಗಾರ್ಮೆಂಟ್ಸಿಗೆ ಸುರಕ್ಷತೆಯ ಪಾಠ ಹೇಳಲು ಒಬ್ಬ ಮೇಡಂ ಬಂದಿದ್ದರು. ಬಟ್ಟೆಯ ಎಣ್ಣೆಕಲೆಗೆ ನಾವು ಹೊಡೆಯುವ ಟ್ರೈಕ್ಲೋರೋಎಥಿಲೀನ್ ಬಾಟಲಿ ಎತ್ತಿ ತೋರಿಸಿದರು.

"ಮುಚ್ಚಿದ ಕೋಣೇಲಿ ಇದರ ವಾಸನೆ ತಗೊಂಡ್ರೆ ಕುಡಿದವರ ಥರ ತಲೆ ಸುತ್ತುತ್ತೆ. ಬರಿಗೈಲಿ ಮುಟ್ಟಿದ್ರೆ ಚರ್ಮದಿಂದಾನೇ ಒಳಗಿಳಿದು ಲಿವರ್ ಕೆಡಿಸುತ್ತೆ."

ಹೊಗೆಸೊಪ್ಪು ಮುರಿದು ಬಂದ ನಿನ್ನ ಕೈಯ ಕರಿ ಅಂಟು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಗಾರ್ಮೆಂಟ್ಸಿನಿಂದ ಅಂಥ ಬಾಟಲಿಗಳನ್ನು ಕದ್ದು ತಂದುಕೊಟ್ಟವಳು ನಾನು. ಮೂರು ವರ್ಷ, ಸೊಪ್ಪಿನ ಕಾಲದಲ್ಲೆಲ್ಲ, ನೀನು ಬಚ್ಚಲ ಬಾಗಿಲು ಹಾಕಿಕೊಂಡು ಅದರಲ್ಲೇ ಕೈ ಉಜ್ಜಿದೆ. "ನಮ್ ಮಗ್ಳು ತಂದ್ಕೊಟ್ಟಿದ್ದು ಕಣ್ರವ್ವ" ಎಂದು ಕಂಪಲಾಪುರದ ಬೀದಿಗೆಲ್ಲ ಬೆಳ್ಳಗಾದ ಅಂಗೈ ತೋರಿಸಿದೆ.

ಲಿವರ್ ಹೋಗಿದೆ ಎಂದ ಡಾಕ್ಟರು "ಕುಡೀತಿದ್ರಾ?" ಎಂದು ಕೇಳಿದಾಗ ನೀನು ನನ್ನ ಕಡೆ ತಿರುಗಿದೆ. "ಇಲ್ಲ ಅಂತ ಡಾಕ್ಟ್ರಿಗೆ ಏಳವ್ವ ನೀನಾರ" ಎಂದೆ ನೀನು. ಬಚ್ಚಲಿನಿಂದ ನೀನು ತೂರಾಡುತ್ತ ಬರುವುದನ್ನು ಎಷ್ಟೋ ಸಂಜೆ ನೋಡಿದ್ದೆ. ನನಗೂ ಅನುಮಾನವಿತ್ತು. ನಾನು ಸುಮ್ಮನೆ ನಿಂತಿದ್ದೆ.

ಪಾಠ ಮುಗಿಸಿ ಮೇಡಂ, "ಯಾರಾದ್ರೂ ಇದನ್ನ ಮನೆಗೆ ತಗೊಂಡು ಹೋಗಿದ್ರೆ ಕೈ ಎತ್ತಿ, ಬೈಯಲ್ಲ" ಎಂದರು.

ನನ್ನ ಎರಡೂ ಕೈ ಮಡಿಲಲ್ಲೇ ಇದ್ದವು, ಅವ್ವಾ.