ಮೇಜಿನ ಮೇಲೆ ನಿಲ್ಲಲಾರದ ಗೌಜಲಕ್ಕಿ

ಹಕ್ಕಿ ತಳಿ ಕೇಂದ್ರದ ನಿರ್ದೇಶಕರಾದ ಮಾನ್ಯರೇ,

ನನ್ನ ಕೈಯಲ್ಲಿ ಕಾಗದ ಬರೆಸಿದ್ದಕ್ಕೆ ಮೊದಲು ನಿಮಗೊಂದು ಛೀಮಾರಿ. ಐದನೇ ತರಗತಿಗೆ ಶಾಲೆ ಬಿಟ್ಟು ತಂತಿ, ಇಕ್ಕಳ ಹಿಡಿದವನು ನಾನು. ನಿಮ್ಮ ಕೇಂದ್ರದ ಪಂಜರಗಳನ್ನು ಹೆಣೆದದ್ದು ಇದೇ ಕೈ. ಬಾಯಲ್ಲೇ ಹೇಳಿ ಮುಗಿಸೋಣವೆಂದು ಬಂದಾಗಲೆಲ್ಲ ನಿಮ್ಮ ಗೇಟಿನವನು, "ಯಜಮಾನ್ರೇ, ಏನಿದ್ರೂ ಬರ್ದು ಕೊಡಿ" ಅಂದ. ಬರೆದಿದ್ದೇನೆ. ನಿಮ್ಮ ಡ್ರಾಯರಿನಲ್ಲಿ ಮಲಗದಿರಲೆಂದು ಊರೆಲ್ಲ ಓದುವ ಪತ್ರಿಕೆಗೇ ಕೊಟ್ಟಿದ್ದೇನೆ. ವಿಷಯ ಇಷ್ಟೇ: ಗೌಜಲಕ್ಕಿಗಳ ಕಾಲು ಹೋದದ್ದು ನಿಮ್ಮಿಂದ, ಕೆಲಸ ಹೋದದ್ದು ನಿಮ್ಮಲ್ಲಿ ಅವಕ್ಕೆ ಆಹಾರ ಹಾಕುತ್ತಿದ್ದ ನನ್ನ ತಂಗಿಯದು.

ತಂಗಿ ದೇವತೆ ಎಂದು ಸಾಧಿಸಲು ಬಂದಿಲ್ಲ. ಅವಳ ಬಾಯಿ ಬಲು ಜೋರು. ನನ್ನ ಜೊತೆಯೂ ಎಷ್ಟೋ ಸಲ ಮಾತು ಬಿಟ್ಟಿದ್ದಾಳೆ. ಆದರೆ ಹಕ್ಕಿಗಳ ಆಹಾರ ಬೆರೆಸುವಾಗ ನೀವು ಹೇಳಿದ್ದು ಬಿಟ್ಟು ಇನ್ನೊಂದು ಮಾಡಿದವಳಲ್ಲ. ಅದೇ ಅವಳ ಅಪರಾಧವಿರಬೇಕು.

ನಿಮ್ಮಲ್ಲಿ ಹಳೆಯ ತಳಿಯೊಂದಿತ್ತು. ಹಿಡಿಯಷ್ಟು ಹಕ್ಕಿ, ನಿಧಾನಕ್ಕೆ ಬೆಳೆಯುತ್ತದೆ, ಪಂಜರದ ಬಾಗಿಲು ತೆರೆದರೆ ಕೈಗೆ ಸಿಗುವುದಿಲ್ಲ. ನೀವು ಮಾಂಸಕ್ಕೆಂದು ಹೊಸ ತಳಿ ತರಿಸಿದಿರಿ. ಅದರ ಹುಟ್ಟುಗುಣವೇ ಬೇರೆ, ತಿಂದದ್ದೆಲ್ಲ ಎದೆಗೆ ಹೋಗುತ್ತದೆ. ಹಾಗೆ ಬೆಳೆಯುವ ಮೈಯನ್ನು ಹೊರಲು ಮೂಳೆಯೂ ಗಟ್ಟಿಯಾಗಬೇಕು, ಸುಣ್ಣದ ಪುಡಿ ತಪ್ಪಿಸಬೇಡಿ ಎಂದು ಮರಿ ಕಳಿಸಿದವರೇ ಹೇಳಿದ್ದರು. ಅಷ್ಟರಲ್ಲಿ ಮೇಲಿನವರ ಭೇಟಿ ಗೊತ್ತಾಯಿತು. ಆ ದಿನಕ್ಕೆ ಹಕ್ಕಿ ಉಬ್ಬಿರಬೇಕಲ್ಲ! ಸುಣ್ಣದ ಪುಡಿಯಿಂದ ಮಾಂಸ ಬರುವುದಿಲ್ಲ, ತೆಗೆದುಬಿಡಿ. ಸೋಯಾ ಹಿಂಡಿ, ಮೆಕ್ಕೆಜೋಳ ಹೆಚ್ಚಿಸಿ. ದೀಪ ಆರಿಸಲೇಬೇಡಿ, ತಿನ್ನುತ್ತಲೇ ಇರಲಿ. ಇದು ನಿಮ್ಮ ಅಪ್ಪಣೆ. "ಸಾರ್, ಮರಿಗಳು ಕಾಲು ಎಳೀತಿದಾವೆ" ಎಂದಳು ತಂಗಿ. "ತಿನ್ನೋಕೆ ಕಾಲ್ಯಾಕಮ್ಮ? ನೀನು ಹಾಕು" ಎಂದಿರಿ ನೀವು. ಆಹಾ! ಇದನ್ನು ನಿಮ್ಮ ಕಚೇರಿಯ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಬಾರದೇ?

ಭೇಟಿಯ ದಿನ ಪಂಜರದ ಕೊಂಡಿ ಸರಿಮಾಡಲು ನನ್ನನ್ನೂ ಕರೆಸಿದ್ದಿರಿ. ಆದ್ದರಿಂದ ಕಣ್ಣಾರೆ ಕಂಡೆ. ಎಲ್ಲಕ್ಕಿಂತ ದಪ್ಪನೆಯ ಹಕ್ಕಿಯನ್ನು ಎತ್ತಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟಿರಿ. ಅದು ನಿಲ್ಲಲಿಲ್ಲ. ಎರಡು ಕಾಲೂ ಎರಡು ದಿಕ್ಕಿಗೆ ಜಾರಿದವು. ಎದೆಯ ಮೇಲೆ ಕವುಚಿಕೊಂಡು ರೆಕ್ಕೆಯಿಂದ ಬಟ್ಟೆ ಬಡಿಯಿತು. ಬಂದವರಲ್ಲೊಬ್ಬರು, "ನಿಮ್ಮ ಕಾಲಿಗೇ ಬೀಳ್ತಿದೆ ಕಣ್ರೀ, ಬಡ್ತಿ ಬೇಕೇನೋ!" ಎಂದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಕಿವಿ ಮಾತ್ರ ಕೆಂಪಾಗಿತ್ತು. ಆಮೇಲೆ ತಂಗಿಯ ಕಡೆ ತಿರುಗಿದಿರಿ.

"ಏನಮ್ಮಾ ತಿನ್ಸಿದೀಯ ಇದಕ್ಕೆ?"

"ನೀವು ಹೇಳಿದ್ದನ್ನೇ, ಸಾರ್."

ಆ ಒಂದು ಮಾತಿಗೆ ಅವಳ ಅನ್ನ ಹೋಯಿತು.

ಅದೇ ಬಕೆಟ್ಟಿನ ಆಹಾರ ಪಕ್ಕದ ಪಂಜರದ ಹಳೆಯ ತಳಿಗೂ ಬಿದ್ದಿತ್ತು. ಅವು ಎದೆಗೆ ಅಷ್ಟು ಭಾರ ತಂದುಕೊಳ್ಳಲಿಲ್ಲ, ಕಾಲ ಮೇಲೆ ನಿಂತೇ ಇದ್ದವು. ಹಾಕಿದ ಕೈ ಕೆಟ್ಟದ್ದಾಗಿದ್ದರೆ ಅವೂ ಬೀಳಬೇಕಿತ್ತಲ್ಲವೇ? ನಿಮ್ಮ ತನಿಖೆ ಹೇಳುವುದೇ ಬೇರೆ: ತಳಿ ಉತ್ತಮ, ಆಹಾರ ಉತ್ತಮ, ಹಾಕಿದವಳದು ನಿರ್ಲಕ್ಷ್ಯ. ತನಿಖೆ ಮಾಡಿದವರು ಯಾರು ಸ್ವಾಮಿ? ನೀವೇ! ನಿಮ್ಮನ್ನು ನೀವೇ ಎಷ್ಟು ಕಠಿಣವಾಗಿ ವಿಚಾರಿಸಿಕೊಂಡಿರೋ, ಪಾಪ.

ಮನೆಗೆ ಕಳಿಸುವ ಮೊದಲು, ಭೇಟಿಯ ದಿನವೇ, ಅವಳಿಂದ ಇನ್ನೊಂದು ಕೆಲಸ ಮಾಡಿಸಿದಿರಿ. ಬಿದ್ದ ಹಕ್ಕಿಗಳ ಕುತ್ತಿಗೆಗಳನ್ನು ಅವಳ ಕೈಯಲ್ಲೇ ಮುರಿಸಿದಿರಿ. ಪಂಜರದೊಳಗೆ ಕೈ ಹಾಕಿದರೆ, ತಿನ್ನಲು ತಂದಳೆಂದು ಅವು ಎದೆಯ ಮೇಲೆ ತೆವಳಿಕೊಂಡು ಅವಳ ಹತ್ತಿರವೇ ಬಂದವಂತೆ. ನೀವು ಆಗ ಒಳಗೆ ಅತಿಥಿಗಳ ಜೊತೆ ಊಟಕ್ಕೆ ಕೂತಿದ್ದಿರಿ. ತಟ್ಟೆಯಲ್ಲಿ ಏನಿತ್ತೆಂದು ಕೇಳುವುದಿಲ್ಲ. ಈಗ ಕೋಳಿ ಫಾರಂನವರು ಕೂಡ, "ಹಕ್ಕಿ ಕಾಲು ಮುರಿದೋಳು ನೀನೇ ಅಲ್ವಾ?" ಎಂದು ಅವಳಿಗೆ ಬಾಗಿಲು ತೋರಿಸುತ್ತಿದ್ದಾರೆ.

ನಿಮ್ಮ ಕನಿಕರ ನಮಗೆ ಬೇಡ, ನಿಮ್ಮಲ್ಲೇ ಇರಲಿ, ಮುಂದೆ ಬೇಕಾದೀತು. ಅವಳ ಹೆಸರಿನ ಮುಂದೆ ಬರೆದ 'ನಿರ್ಲಕ್ಷ್ಯ' ಎಂಬ ಮಾತನ್ನು ಹೊಡೆದುಹಾಕಿ. ಸುಣ್ಣದ ಪುಡಿ ತೆಗೆಸಿದವನು ನಾನೇ ಎಂದು ಬರೆದು ಸಹಿ ಹಾಕಿ. ಅವಳ ಕೆಲಸ ಅವಳಿಗೆ ಕೊಡಿ. ಹತ್ತನೇ ತಾರೀಖಿಗೆ ಹೊಸ ಮರಿಗಳು ಬರುತ್ತವೆಂದು ಕೇಳಿದೆ, ಅವಕ್ಕೂ ಅದೇ ಆಹಾರವಂತೆ. ಅದನ್ನೇ ಹಾಕುವುದಾದರೆ ಹಾಕಿ. ಈ ಸಲ ಕುತ್ತಿಗೆ ಮುರಿಯುವ ಕೈ ನಿಮ್ಮದೇ ಆಗಿರಲಿ.

ಹತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.

ಇಂತಿ,
ಓಡಲಾರದ ಹಕ್ಕಿಗಳ ಪಂಜರಕ್ಕೂ ಗಟ್ಟಿ ಕೊಂಡಿ ಹಾಕಿಕೊಟ್ಟ ಮುದುಕ