ಗಾಡಿಯೊಡನೆ ಮಾಲೀಕನೂ ಬರತಕ್ಕದ್ದು

ಮೂಡಲಗಿ
ತಾ. ೧೬-೨-೧೯೫೫, ಬುಧವಾರ

ಏಡನ್ ಬಂದರದಲ್ಲಿರುವ ನಮ್ಮ ಮನೆಯವರಿಗೆ ಪ್ರೀತಿಯ ನಮಸ್ಕಾರಗಳು.

ಹೇಗಿದ್ದೀರಿ? ಕೆಮ್ಮು ನಿಂತಿತೇ? ಏಡನ್ನಿನಲ್ಲಿ ಚಳಿ ಎಂಬುದೇ ಇಲ್ಲ ಎಂದು ಬರೆದವರೂ ನೀವೇ, ಚಳಿಗೆ ಕೆಮ್ಮು ಹಿಡಿಯಿತು ಎಂದು ಬರೆದವರೂ ನೀವೇ. ಎರಡರಲ್ಲಿ ಒಂದನ್ನು ನಂಬುತ್ತೇನೆ, ಯಾವುದನ್ನು ನಂಬಬೇಕೆಂದು ನೀವೇ ತಿಳಿಸಿರಿ. ಇಲ್ಲಿ ಅತ್ತೆಯವರ ಮೊಣಕಾಲು ನೋವು ಬಿಟ್ಟರೆ ಎಲ್ಲರೂ ಆರಾಮಾಗಿದ್ದೇವೆ. ಆ ನೋವೂ ಮನೆಯಲ್ಲಿ ಕೆಲಸವಿದ್ದಾಗ ಬರುತ್ತದೆ, ಪಕ್ಕದ ಮನೆಯಲ್ಲಿ ಮಾತಿದ್ದಾಗ ಬರುವುದಿಲ್ಲ. ಮಗಳು ಸತ್ತೆವ್ವ ಸಾಲೆಗೆ ಹೋಗತೊಡಗಿದ್ದಾಳೆ. ನೀವು ವ್ಯಾನಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಮುಟ್ಟಿತು. ವ್ಯಾನು ಮೈಕೈ ತುಂಬಿಕೊಂಡು ಹೊಳೆಯುತ್ತಿದೆ, ನೀವು ಮಾತ್ರ ಸೊರಗಿದ್ದೀರಿ. ಅದಕ್ಕೆ ಎಣ್ಣೆ ಹಾಕುವ ಮೊದಲು ನಿಮ್ಮ ತಲೆಗೆ ನಾಲ್ಕು ಹನಿ ಹಾಕಿಕೊಳ್ಳಿರಿ.

ಈಗ ಆ ವ್ಯಾನಿನ ಸುದ್ದಿ. ನಿಮ್ಮ ಗ್ಯಾರೇಜಿನ ಸಾಹುಕಾರರು ಹಳೆಯ ವ್ಯಾನನ್ನು ನಿಮ್ಮ ಹೆಸರಿಗೆ ಮಾಡಿಕೊಟ್ಟು ವರ್ಷದ ಮೇಲಾಯಿತು. ಈಗ ಅದನ್ನು ರತ್ನಾಗಿರಿಯ ಗೆಳೆಯನ ಜೊತೆ ಹಡಗಿನಲ್ಲಿ ಕಳಿಸುತ್ತೇನೆ, ತಮ್ಮ ಹೊಳೆಪ್ಪ ಮುಂಬಯಿಗೆ ಹೋಗಿ ಬಿಡಿಸಿಕೊಂಡು ಬಂದು ಬೆಲ್ಲದ ಬಾಡಿಗೆ ಹೊಡೆಯಲಿ, ನಾನು ಇನ್ನೂ ನಾಲ್ಕು ವರ್ಷ ಇಲ್ಲಿಯೇ ದುಡಿಯುತ್ತೇನೆ ಎಂದು ಬರೆದಿದ್ದೀರಿ. ಹೊಳೆಪ್ಪ ಬೆಲ್ಲದ ಬಾಡಿಗೆಯವರೆಗೆ ಓದಿ ಕುಣಿಯುತ್ತ ಹೊರಗೆ ಓಡಿದ. ನಾನು ಕೊನೆಯವರೆಗೆ ಓದಿದೆ. ಆ ದಿನ ಹಂಚಿನ ಮೇಲೆ ಎರಡು ರೊಟ್ಟಿ ಸುಟ್ಟು ಕರಕಾದವು. ಅತ್ತೆ ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಅದನ್ನೇ ಮುರಿದು ತಿಂದರು.

ನಿಮ್ಮ ತಮ್ಮನ ಕಥೆ ಕೇಳಿರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಹಿತ್ತಲಲ್ಲಿ ವ್ಯಾನಿಗೆ ಛಪ್ಪರ ಹಾಕಿದ. ಸದ್ಯಕ್ಕೆ ಅದರಲ್ಲಿ ಎಮ್ಮೆ ನಿಂತಿದೆ, ಇನ್ನು ಮೇಲೆ ಬಿಟ್ಟುಕೊಡುವ ಲಕ್ಷಣ ಕಾಣುವುದಿಲ್ಲ. ಕೌಜಲಗಿಯ ನಮ್ಮ ಸೀತವ್ವ ಅಕ್ಕ ಬಂದು ತನ್ನ ಮಗಳ ಮದುವೆಗೆ ಹೋಗಲು ಮುಂದಿನ ಸೀಟು ತನಗೇ ಎಂದು ಹೇಳಿಟ್ಟು ಹೋಗಿದ್ದಾಳೆ. ಮಗಳಿಗೆ ವರ ಗೊತ್ತಾಗುವುದು ಇನ್ನೂ ಬಾಕಿ ಇದೆ.

ಅಷ್ಟರಲ್ಲಿ ಯಾರೋ, ಪರದೇಶದ ಮೋಟಾರು ಸುಮ್ಮನೆ ಬಿಡುವುದಿಲ್ಲ, ಮುಂಬಯಿ ಬಂದರದಲ್ಲಿಯೇ ಸುಂಕಕ್ಕೆ ಹಿಡಿದು ನಿಲ್ಲಿಸುತ್ತಾರೆ ಎಂದು ಹೇಳಿದರು. ಹೊಳೆಪ್ಪನ ಮುಖ ಹುಳ್ಳಗಾಯಿತು. ಅತ್ತೆಯವರಿಗೆ ಸುಂಕವೆಂದರೆ ನಮ್ಮ ಸಂತೆಯದೇ. "ಇಡೀ ಗಾಡಿ ಕಂಡ್ರಲ್ಲಾ ಅವರು ಹಿಡಿಯೂದು? ಬಿಚ್ಚಿ ಬಿಚ್ಚಿ ಕಳಸಂತ ಬರಿ ಅವಂಗ. ಒಂದ್ ಸಲ ಗಾಲಿ, ಒಂದ್ ಸಲ ಬಾಗಲಾ. ಇಲ್ಲಿ ನಮ್ಮ ಬಡಿಗ್ಯಾ ಎಲ್ಲಾ ಕೂಡಸ್ತಾನ" ಎಂದರು. ಬಡಿಗನನ್ನು ಕೇಳಿಯೂ ಬಂದಿದ್ದರು, ಅವನು ಆಗಲಿ ಎಂದಿದ್ದನಂತೆ.

ಬಲ್ಲವರನ್ನು ಕೇಳುವುದೇ ಲೇಸೆಂದು ಹೊಳೆಪ್ಪ ಮತ್ತು ನಾನು ಹುಕ್ಕೇರಿಗೆ ಹೋದೆವು. ಅಲ್ಲಿ ಗಫಾರ ಕಾಕಾ ಎಂಬವರು ಸೈಕಲ್ ಅಂಗಡಿ ಇಟ್ಟಿದ್ದಾರೆ. ಮೊದಲು ಇಪ್ಪತ್ತು ವರ್ಷ ಮುಂಬಯಿ ಬಂದರದಲ್ಲಿ ಹಡಗಿನ ಸಾಮಾನು ಬಿಡಿಸಿಕೊಡುವ ಕಾರಕೂನರಾಗಿದ್ದವರು. ನಮ್ಮ ಅಹವಾಲು ಕೇಳಿ, ಗಾಡಿ ತರಿಸುವ ಅರ್ಜಿಯ ಫಾರಮು ತೆಗೆದು, "ಮಾಲಕರ ಹೆಸರೇನವಾ ತಂಗಿ?" ಎಂದರು. ಹೆಸರು ಹೇಳಬೇಕಾದ ನಿಮ್ಮ ತಮ್ಮ ಸರಿಯಾಗಿ ಆಗಲೇ ಚಹಾ ಕುಡಿಯಲು ಹೋಗಿದ್ದ. ನಾನು ಸೆರಗು ತಿರುವುತ್ತ ನಿಂತೆ. "ಹೆಸರಿಲ್ಲದ ಮಾಲಕಗ ಸರಕಾರ ಏನಂತ ಕಾಗದಾ ಬರೀಬೇಕವಾ?" ಎಂದು ನಕ್ಕರು. ಗಂಡನ ಹೆಸರನ್ನು ಬರಿದೆ ಹೇಗೆ ಹೇಳಲಿ? ಪಂಕ್ಚರಿಗೆ ಬಂದು ಕೂತ ಐದಾರು ಗಂಡಸರ ಎದುರಿಗೆ, ಮದುವೆಯ ದಿನ ಹೇಳಿದ ಹಾಗೆ ಪ್ರಾಸದ ಒಡಪು ಕಟ್ಟಿಯೇ ಹೇಳಿದೆ:

"ಘಟಪ್ರಭಾ ಹೊಳಿ ತುಂಬ ಬಿಳಿ ಬಿಳಿ ನೊರಿ,
ಖಂಡೆಪ್ಪರಾಯರ ಹೆಸರ ಹೇಳೀನಿ, ಕಾಕಾ ಅರ್ಜಿ ಬರೀರಿ!"

ಅಂಗಡಿಗೆ ಅಂಗಡಿಯೇ ನಕ್ಕಿತು. ಗಾಳಿ ಹಾಕುತ್ತಿದ್ದವನು ಪಂಪು ಬಿಟ್ಟು ಚಪ್ಪಾಳೆ ತಟ್ಟಿದ. ಕಾಕಾ ಚಾಳೀಸು ತೆಗೆದು ಕಣ್ಣೊರೆಸಿಕೊಂಡು, "ಮಾಶಾ ಅಲ್ಲಾ! ಇಪ್ಪತ್ತ ವರ್ಷದಾಗ ಇಂಥಾ ಅರ್ಜಿ ನಾ ಬರದಿಲ್ಲ ಬಿಡವಾ" ಎಂದರು. ಚಹಾ ಕುಡಿದು ಬಂದ ಹೊಳೆಪ್ಪನಿಗೆ ಏನಾಯಿತೆಂದು ಯಾರೂ ಹೇಳಲಿಲ್ಲ.

ಇನ್ನು ಕಾಯ್ದೆಯ ಮಾತು, ನಿಧಾನವಾಗಿ ಓದಿರಿ. ಒಬ್ಬರ ಹಳೆಯ ಗಾಡಿಯನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಬೇಕಾದರೆ ಸರಕಾರದ ಪರವಾನಗಿ ಬೇಕು, ಅದು ಸಿಗುವುದು ದುರ್ಲಭ. ಇಲ್ಲದೆ ತಂದರೆ ಗಾಡಿ ಜಪ್ತಿಯಾಗಿ ಮೇಲೆ ದಂಡ ಬೀಳುತ್ತದೆ. ಸುಂಕವನ್ನು ನೀವು ಕೊಟ್ಟ ಬೆಲೆಯ ಮೇಲೆ ಹಾಕುವುದಿಲ್ಲ, ಅವರು ಕಟ್ಟಿದ ಬೆಲೆಯ ಮೇಲೆ, ಹಡಗಿನ ಬಾಡಿಗೆಯನ್ನೂ ಕೂಡಿಸಿ ಹಾಕುತ್ತಾರೆ. ಮೂಗಿಗಿಂತ ಮೂಗುತಿ ಭಾರ. ಬಿಚ್ಚಿ ಕಳಿಸಿದರೆ ಗಾಲಿಗೆ ಬೇರೆ, ಬಾಗಿಲಿಗೆ ಬೇರೆ ಸುಂಕ, ಆದ್ದರಿಂದ ಅತ್ತೆಯವರ ಉಪಾಯ ಅಲ್ಲಿಗೇ ಮುಗಿಯಿತು. ಆದರೆ ಕಾಕಾ ತಮ್ಮ ಹಳೆಯ ಪುಸ್ತಕದಿಂದ ಇನ್ನೊಂದು ಕಲಮು ಓದಿದರು. ಪರದೇಶದಲ್ಲಿ ದುಡಿದವನು ಕಾಯಮಾಗಿ ಊರಿಗೆ ಮರಳುವಾಗ, ಒಂದು ವರ್ಷಕ್ಕೆ ಮೇಲ್ಪಟ್ಟು ತನ್ನ ಹೆಸರಿನಲ್ಲಿದ್ದು ತಾನೇ ಬಳಸಿದ ಗಾಡಿಯನ್ನು ತನ್ನೊಡನೆ ತರಬಹುದು. ಗಾಡಿಗೆ ವಯಸ್ಸಾದಷ್ಟೂ ಅದರ ಬೆಲೆ ಇಳಿಸಿ ಸುಂಕ ಹಾಕುತ್ತಾರೆ. (ಇದು ವ್ಯಾನಿಗೆ ಮಾತ್ರ. ನಿಮ್ಮ ಬೆಲೆಯನ್ನು ನಾನು ಇಳಿಸಿಲ್ಲ.) ಕಾಕಾ ಪುಸ್ತಕ ಮುಚ್ಚಿ, "ಗಾಡಿ ಒಂದ ಬಂದ್ರ ಕಳವಿನ ಮಾಲು, ಗಂಡನ ಕೂಡ ಬಂದ್ರ ಮನಿ ಸಾಮಾನು. ತಿಳೀತಿಲ್ಲೋ?" ಎಂದರು. ನನಗೆ ಮೊದಲ ಸಲವೇ ತಿಳಿದಿತ್ತು. ಆದರೂ ಇನ್ನೆರಡು ಸಲ ಓದಿಸಿದೆ.

ಯುದ್ಧದಲ್ಲಿ ಲಾರಿ ಹೊಡೆದು ಕಲಿತು, ಈಗ ಸಾಹುಕಾರರ ಗ್ಯಾರೇಜಿನಲ್ಲಿ ಇಂಜಿನು ಬಿಚ್ಚಿ ಕೂಡಿಸುತ್ತೀರೆಂದು ಹೇಳಿದಾಗ ಕಾಕಾ ನೆಟ್ಟಗೆ ಕೂತರು. "ಗೋಕಾಕದಿಂದ ಕಣಗಲಾತನಕಾ ಕೆಟ್ಟ ನಿಂತ ಲಾರಿ ರಗಡ ಅದಾವವಾ, ರಿಪೇರಿ ಕೈ ಇಲ್ಲ. ಬಂದ್ರ ನನ್ನ ಅಂಗಡಿ ಹಿಂದಿನ ಜಾಗಾ ಕೊಡ್ತೀನಿ ಅನ್ನು" ಎಂದರು. ಇದು ನಾನು ಕಟ್ಟಿದ ಮಾತಲ್ಲ, ಹೊಳೆಪ್ಪನೂ ಕೇಳಿದ್ದಾನೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಪಾಪ ಹೊಳೆಪ್ಪ, "ಇರಲಿ ವೈನಿ, ಅಣ್ಣಾ ನಾಕ ವರ್ಷ ಆದಮ್ಯಾಗ ತರಲಿ. ಅಲ್ಲೀತನಕಾ ನಾ ಎತ್ತಿನ ಗಾಡಿ ಹೊಡೀತೀನಿ" ಎಂದ. ಎಂಥ ಒಳ್ಳೆಯ ಹುಡುಗ! ನಾನು ಮಾತ್ರ ಕಿಡಕಿಯ ಕಡೆ ಮುಖ ಮಾಡಿ ಕೂತಿದ್ದೆ, ನಗುವುದು ಕಾಣಬಾರದೆಂದು. ಅರಭಾವಿಯ ಹತ್ತಿರ ಬೆಲ್ಲದ ಗಾಣ ನಡೆದಿತ್ತು, ಬಸ್ಸಿನೊಳಗೆಲ್ಲ ಅದರ ವಾಸನೆ ತುಂಬಿತು. ಅಷ್ಟು ಸಂತೋಷದಿಂದ ನಾನು ಬಸ್ಸಿನಲ್ಲಿ ಕೂತದ್ದು ನೆನಪಿಲ್ಲ.

ಕಾಯ್ದೆ ಹೀಗಿದೆ. ನೀವು ತಿಳಿದವರು, ವಿಚಾರ ಮಾಡಿ ತೀರ್ಮಾನ ತಿಳಿಸಿರಿ. ಅತ್ತೆ ಮುದಕವ್ವನವರು ಆಶೀರ್ವಾದ ಹೇಳಿದ್ದಾರೆ, ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಬೇಕಂತೆ. ಹೊಳೆಪ್ಪನ ನಮಸ್ಕಾರ. ಸತ್ತೆವ್ವನಿಗೆ ತನ್ನ ಹೆಸರನ್ನು ತಾನೇ ಬರೆಯಲು ಬರುತ್ತದೆಂದು ತಿಳಿಸಬೇಕಂತೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ಇಂದ್ರವ್ವ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ವಿಚಾರ ಮಾಡಿ ತೀರ್ಮಾನ ತಿಳಿಸಿರಿ ಎಂದು ಮೇಲೆ ಬರೆದದ್ದು ಸುಳ್ಳು. ತೀರ್ಮಾನ ಆಗಿಹೋಗಿದೆ. ಆ ಫಾರಮಿನಲ್ಲಿ "ಮಾಲೀಕನು ಕಾಯಮಾಗಿ ಮರಳುವನೇ?" ಎಂದು ಕೇಳಿದ್ದರು. ಹೊಳೆಪ್ಪ ಬಸ್ಸಿನ ಹೊತ್ತು ಕೇಳಲು ಹೋದಾಗ ಕಾಕಾ ಲೇಖಣಿ ಎತ್ತಿ ಹಿಡಿದು, "ಗಂಡನ್ನ ಕೇಳೀಯೇನವಾ?" ಎಂದರು. "ಕೇಳೀನ್ರಿ ಕಾಕಾ" ಎಂದೆ. ಐದು ವರ್ಷದಿಂದ ದಿನಾಲೂ ಕೇಳುತ್ತಲೇ ಇದ್ದೇನೆ, ಕೇಳಿಸಿಕೊಳ್ಳಲು ನೀವು ಇರಲಿಲ್ಲ, ಅಷ್ಟೆ. ಹೌದು ಎಂದು ಬರೆಸಿ, ಮಾಲೀಕನ ಮನೆಮಂದಿ ಸಹಿ ಮಾಡುವ ಜಾಗದಲ್ಲಿ ನನ್ನ ಸಹಿ ಮಾಡಿ, ರಜಿಸ್ಟರ್ ಮಾಡಿ ಮುಂಬಯಿಗೆ ಕಳಿಸಿಬಿಟ್ಟೆ. ಬರೆದದ್ದು ಸುಳ್ಳಾದರೆ ಸಹಿ ಮಾಡಿದವರಿಗೆ ದಂಡ ಇಲ್ಲವೆ ಜೈಲು ಎಂದು ಕೆಳಗೆ ಅಚ್ಚಾಗಿತ್ತು, ಅದನ್ನು ಓದಿಯೇ ಸಹಿ ಮಾಡಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬೇಗ ಬನ್ನಿರಿ. ವ್ಯಾನಿಗೆ ಹಡಗಿನಲ್ಲಿ ಜಾಗ ಸಿಗದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ.